ಎಂಟನೆಯ ನಿಮಿಷ

ಏಳು ನಿಮಿಷ ನಲವತ್ತು ಸೆಕೆಂಡಿಗೆ ಗೀಸರ್ ಆರಿತು. ಮೊದಲು ಟಪ್ ಎಂಬ ಒಂದು ಸಣ್ಣ ಸದ್ದು. ಆಮೇಲೆ, ಅದುವರೆಗೆ ಗೋಡೆಯ ಆಚೆಯಿಂದ ಒಂದೇ ಹದದಲ್ಲಿ ಕೇಳಿಬರುತ್ತಿದ್ದ ಉರಿಯ ಭೋರು ನಿಂತು, ಬರಿಯ ನೀರಿನ ಸದ್ದು ಉಳಿಯಿತು. ಮನೆಯ ಹಿಂಬದಿಯ ಇಕ್ಕಟ್ಟಾದ ಓಣಿಯಲ್ಲಿ, ಬಚ್ಚಲುಮನೆಯ ಗವಾಕ್ಷಿಯ ನೇರ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದ ಮೀಟರಪ್ಪ ಕೈಗಡಿಯಾರದಿಂದ ಕಣ್ಣು ಕೀಳದೆಯೇ ತೊಡೆಯ ಮೇಲಿನ ಪುಸ್ತಕದಲ್ಲಿ ಆ ಅಂಕಿಯನ್ನು ಬರೆದ. ಒಳಗೆ ಚೊಂಬನ್ನು ಬಕೆಟ್ಟಿಗೆ ಕುಕ್ಕಿದ ಸದ್ದಾಯಿತು. “ಅತ್ತೇ, ಮತ್ತೆ ಹೋಯ್ತು!” ಎಂದು ಸೊಸೆ ಕೂಗಿದಳು. “ತಲೆಗೆ ಸೋಪು ಹಾಕ್ಕೊಂಡಿದ್ದೀಯಾ? ತಡಿ, ಒಲೆ ಮೇಲೆ ಕಾಸಿ ತರ್ತೀನಿ” ಎಂದು ಅಡುಗೆಮನೆಯಿಂದ ಅವನ ಹೆಂಡತಿ. ಈ ಎರಡು ಮಾತುಗಳ ನಡುವೆ ಎಷ್ಟು ಹೊತ್ತು ಸರಿಯಿತೆಂಬುದನ್ನೂ ಅವನು ಗಮನಿಸಿದ: ಎರಡು ಸೆಕೆಂಡೂ ಇಲ್ಲ. ಉತ್ತರ ಮೊದಲೇ ಸಿದ್ಧವಾಗಿದ್ದಂತೆ ಇತ್ತು. ಹನ್ನೊಂದು ದಿನಗಳಿಂದ ಹೀಗೆ. ಒಂದು ದಿನ ಎಂಟು ನಿಮಿಷ ಹತ್ತು ಸೆಕೆಂಡು, ಮತ್ತೊಂದು ದಿನ ಏಳೂ ಐವತ್ತು. ಹೆಚ್ಚೂಕಡಿಮೆ ಎಂಟನೆಯ ನಿಮಿಷದ ಆಚೀಚೆ, ಯಾರೋ ಕೈಹಿಡಿದು ನಂದಿಸಿದ ಹಾಗೆ. ಅವನು ಸ್ನಾನಕ್ಕೆ ಹೋದರೆ ಆರುವುದಿಲ್ಲ. ಮಗ ಸಂಜೆ ಹೋದರೆ ಆರುವುದಿಲ್ಲ. ಹೆಂಡತಿ ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಹೋಗಿ, ಮೊಣಕಾಲಿಗೆ ಕಾಲು ಗಂಟೆ ಬಿಸಿನೀರು ಹೊಯ್ದುಕೊಂಡರೂ ಆರುವುದಿಲ್ಲ. ಆರುವುದು ಸೊಸೆ ಒಳಗಿದ್ದಾಗ ಮಾತ್ರ. ಯಂತ್ರಕ್ಕೆ ಬೇಕಾದವರು ಬೇಡವಾದವರು ಎಂಬುದಿಲ್ಲ. ಅದು ಇರುವುದು ಮನುಷ್ಯರಿಗೆ.

ಈ ಸಿದ್ಧಾಂತ ಅವನಿಗೆ ಸುಮ್ಮನೆ ಬಂದದ್ದಲ್ಲ. ಕಾಗದದ ಗಿರಣಿಯೊಂದರ ಬಾಯ್ಲರ್ ಮನೆಯಲ್ಲಿ ಮೂವತ್ತಮೂರು ವರ್ಷ ಮಾಪಕಗಳ ಮುಖ ನೋಡಿಕೊಂಡು ಬದುಕಿದವನು ಅವನು. ಮೀಟರಪ್ಪ ಎಂಬ ಹೆಸರೂ ಅಲ್ಲಿಯದೇ. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ, ಕೊನೆಗೆ ಬೀಳ್ಕೊಡುಗೆಯ ದಿನ ಭಾಷಣದಲ್ಲೇ ಬಂದು, ಅವನಿಗೂ ಅದು ಹೆತ್ತವರಿಟ್ಟ ಹೆಸರಿಗಿಂತ ಹತ್ತಿರದ್ದಾಗಿತ್ತು. ಅಲ್ಲಿನ ದೊಡ್ಡ ಬಾಯ್ಲರುಗಳಿಗೂ ಇಂಥವೇ ಕಾವಲುಗಾರರಿದ್ದರು: ನೀರು ಇಳಿದರೆ, ಶಾಖ ಏರಿದರೆ, ಹೊಗೆ ಹಿಂದಕ್ಕೆ ತಿರುಗಿದರೆ ಉರಿಯನ್ನು ತಾವಾಗಿಯೇ ಕತ್ತರಿಸಿಬಿಡುವ ಪುಟ್ಟ ಸೆನ್ಸರುಗಳು. ಆದರೆ ಅವು ವಯಸ್ಸಾದ ನಾಯಿಗಳ ಹಾಗೆ. ಕಳ್ಳ ಬಂದಾಗಲೂ ಬೊಗಳುತ್ತಿದ್ದವು, ಎಲೆ ಅಲುಗಿದಾಗಲೂ ಬೊಗಳುತ್ತಿದ್ದವು. ಕಾಗದ ಓಡುತ್ತಿರುವಾಗ ಉರಿ ಆರಿದರೆ ಇಡೀ ಪಾಳಿಯ ಕೆಲಸ ಮಣ್ಣು. ಆಗ ಅವನು ಏಣಿ ಹತ್ತಿ, ಬೊಗಳುವ ಸೆನ್ಸರಿನ ಎರಡು ತಂತಿಗಳನ್ನು ಕಿತ್ತು ಒಂದಕ್ಕೊಂದು ಹೆಣೆದುಬಿಡುತ್ತಿದ್ದ. ಇದಕ್ಕೆ ಬಾಯ್ಲರ್ ಮನೆಯಲ್ಲಿ ‘ಬಾಯಿಬೀಗ’ ಎಂದು ಹೆಸರು. ನಿಯಮದಲ್ಲಿ ಇಲ್ಲದ್ದು; ಆದರೆ ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದನ್ನು ಬಲ್ಲವನೇ ನಿಜವಾದ ಕಸುಬುದಾರ ಎಂಬ ಹೆಮ್ಮೆ ಎಲ್ಲರಲ್ಲೂ ಇತ್ತು. ಅವನ ಬಾಯಿಬೀಗದಿಂದ ಒಂದು ದಿನವೂ ಅನಾಹುತವಾಗಿರಲಿಲ್ಲ. ಆಗಿರಲಿಲ್ಲ ಎಂಬುದನ್ನು ಅವನು ತನ್ನ ತಿಳಿವಳಿಕೆಯ ಲೆಕ್ಕಕ್ಕೆ ಹಾಕಿಕೊಂಡಿದ್ದನೇ ಹೊರತು ಅದೃಷ್ಟದ ಲೆಕ್ಕಕ್ಕಲ್ಲ.

ಈ ಗೀಸರನ್ನೂ ಆಯ್ದು ತಂದವನು ಅವನೇ, ಗೋಡೆಗೆ ಕೂರಿಸಿದವನೂ ಅವನೇ. ಹೊಗೆಯ ಕೊಳವೆಗೆ ಗೋಡೆ ಕೊರೆದಾಗ, ಗ್ಯಾಸ್ ಉರಿಗೆ ಗಾಳಿ ಬೇಕೆಂದು ಗವಾಕ್ಷಿಯ ಓರೆಯಾದ ಗಾಜಿನ ಪಟ್ಟಿಗಳು ಎಂದಿಗೂ ಮುಚ್ಚದಂತೆ ಒಂದೊಂದಕ್ಕೂ ಸ್ಕ್ರೂ ಬಿಗಿದಿದ್ದ. ಸಿಲಿಂಡರನ್ನು ಹೊರಗೆ, ಓಣಿಯಲ್ಲಿ ಇಟ್ಟಿದ್ದ. ವರ್ಷದ ಹಿಂದೆ ಮದುವೆಯಾದ ಮಗ ಮತ್ತು ಸೊಸೆಗೆ ಅದು ಅವನ ಉಡುಗೊರೆಯೆಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಈಗ ಅದೇ ಗೀಸರ್ ಬೆಳಗ್ಗೆ ಬೆಳಗ್ಗೆ ಅವನನ್ನು ಮನೆಮಂದಿಯ ಮುಂದೆ ಸುಳ್ಳುಗಾರನನ್ನಾಗಿ ಮಾಡುತ್ತಿತ್ತು. ಕಣ್ಣಿನ ಆಸ್ಪತ್ರೆಯಲ್ಲಿ ಜನರ ದೃಷ್ಟಿ ಅಳೆದು ಕನ್ನಡಕದ ನಂಬರು ಬರೆಯುವ ಸೊಸೆ ಒದ್ದೆ ತಲೆಯಲ್ಲಿ ಓಡಬೇಕಾಗುತ್ತಿತ್ತು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಮಗ, ಯಾವುದನ್ನೂ ಜೋರಾಗಿ ಹೇಳದವನು, ಮೊನ್ನೆ ಶೂಗೆ ಲೇಸು ಕಟ್ಟುತ್ತಾ ನೆಲಕ್ಕೆ ಹೇಳುವಂತೆ ಹೇಳಿದ್ದ: “ಭಾನುವಾರ ಆ ಡಬ್ಬ ತೆಗೆಸಿ ಕರೆಂಟಿಂದು ಹಾಕಿಸಿಬಿಡೋಣ ಅಪ್ಪ. ಸಾಕಾಗೋಯ್ತು.” ಡಬ್ಬ! ಆ ಮಾತು ಅವನ ಕಿವಿಯಲ್ಲಿ ಮೂರು ದಿನ ಕುಳಿತಿತ್ತು. ಯಾರು ಕಲಿಸಿದ್ದು ಆ ಮಾತನ್ನು? ಮಗನ ನಿಘಂಟಿನಲ್ಲಿ ಅದು ಇರಲಿಲ್ಲ. ಅವಳಿಗೆ ಗ್ಯಾಸಿನ ಗೀಸರ್ ಬೇಡ ಎಂದಾದರೆ ನೇರವಾಗಿ ಹೇಳಬಹುದಿತ್ತು. ಹೇಳುವ ಬದಲು ಎಂಟನೆಯ ನಿಮಿಷಕ್ಕೆ ಸರಿಯಾಗಿ ಗುಂಡಿ ತಿರುಗಿಸಿ, “ಅತ್ತೇ, ಮತ್ತೆ ಹೋಯ್ತು” ಎನ್ನುವುದು ಎಷ್ಟು ಸುಲಭ, ಎಷ್ಟು ನಾಜೂಕು! ಭಾನುವಾರಕ್ಕೆ ಮೂರೇ ದಿನ. ಅಷ್ಟರೊಳಗೆ ಗೀಸರಿನಲ್ಲಿ ದೋಷವಿಲ್ಲವೆಂದು ತೋರಿಸದಿದ್ದರೆ, ದೋಷ ತನ್ನಲ್ಲಿತ್ತು ಎಂದು ಈ ಮನೆಯ ಗೋಡೆಯ ಮೇಲೆ ನಾಲ್ಕು ಖಾಲಿ ಮೊಳೆತೂತುಗಳು ಸಾಯುವವರೆಗೂ ಹೇಳುತ್ತಿರುತ್ತವೆ.

“ನೀವು ಆ ಕುರ್ಚೀನ ಬೇರೆ ಕಡೆ ಹಾಕ್ಕೋಬಾರ್ದೇನ್ರೀ?” ಎಂದಳು ಹೆಂಡತಿ, ಸೊಸೆ ಕೆಲಸಕ್ಕೆ ಹೋದ ಮೇಲೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ಮುಖ ನಲ್ಲಿಯ ಕಡೆಗಿತ್ತು.

“ಯಾಕೆ? ಕುರ್ಚಿ ಏನ್ ಮಾಡ್ತು?”

“ಏನೂ ಮಾಡಿಲ್ಲ. ವರಾಂಡದಲ್ಲಿ ಒಳ್ಳೆ ಬಿಸಿಲು ಬರುತ್ತೆ. ಅಲ್ಲಿ ಕೂತ್ಕೊಂಡು ಪೇಪರ್ ಓದಿ ಅಂದೆ.”

“ವರಾಂಡದಲ್ಲಿ ಕೂತ್ರೆ ಗೀಸರ್ ಸದ್ದು ಕೇಳುತ್ತಾ? ಯಾವಾಗ ಆರುತ್ತೆ ಅಂತ ಗೊತ್ತಾಗ್ದೆ ಯಾಕೆ ಆರುತ್ತೆ ಅಂತ ಹೇಗೆ ಗೊತ್ತಾಗೋದು?”

“ನಿಮಗೆ ಹೇಳೋದೂ ಒಂದೇ, ಈ ಬೋಗುಣಿಗೆ ಹೇಳೋದೂ ಒಂದೇ” ಎಂದು ಅವಳು ಬೋಗುಣಿಯನ್ನು ಕವುಚಿ ಹಾಕಿದಳು. ಅವಳ ಕತ್ತಿನ ಹಿಂಭಾಗ ಕೆಂಪಾಗಿದ್ದುದನ್ನು ಅವನು ಕಂಡ. ಏನೋ ಹೇಳಲಿದ್ದಾಳೆ, ಹೇಳುತ್ತಿಲ್ಲ. ನಲವತ್ತು ವರ್ಷಗಳಲ್ಲಿ ಈ ಹೆಂಗಸು ಅವನಿಂದ ಮುಚ್ಚಿಟ್ಟ ಸಂಗತಿಗಳು ಬೆರಳೆಣಿಕೆಯವು. ಸೊಸೆ ಬಂದ ಒಂದೇ ವರ್ಷದಲ್ಲಿ ಅವಳೂ ಹಿಂಬಾಗಿಲ ಮಾತು ಕಲಿತಂತಿತ್ತು. ಅತ್ತೆ ಸೊಸೆ ಕಿತ್ತಾಡಿಕೊಂಡರೆ ಮನೆ ಹಾಳು ಎನ್ನುತ್ತಾರೆ. ಒಂದಾದರೆ ಗಂಡಸಿನ ಗತಿಯೇನೆಂದು ಯಾವ ಗಾದೆಯೂ ಹೇಳಿಲ್ಲ. ಕುರ್ಚಿ ಅಲ್ಲಿಂದ ಏಳಬೇಕು ಎಂದರೆ, ಅಲ್ಲಿ ಕೇಳಬಾರದ್ದು ಏನೋ ಇದೆ ಎಂದೇ ಅರ್ಥ. ಅವನು ಮರುದಿನಕ್ಕೆ ಕುರ್ಚಿಯನ್ನು ಗೋಡೆಗೆ ಇನ್ನೂ ಒಂದು ಗೇಣು ಹತ್ತಿರ ಸರಿಸುವುದೆಂದು ಅಲ್ಲಿಯೇ ತೀರ್ಮಾನಿಸಿದ.

ಮಧ್ಯಾಹ್ನ ಗೀಸರ್ ರಿಪೇರಿಯವನು ಬಂದ. ಮಗ ಫೋನು ಮಾಡಿ ಕಳಿಸಿದ್ದು. ಅದೂ ಒಂದು ಮುಳ್ಳೇ. ನೆಗಡಿಯಾಗಿ ಮೂಗು ಕೆಂಪಾಗಿದ್ದ ನಡುವಯಸ್ಸಿನವನು, ಒಂದೊಂದು ತಿರುಪನ್ನು ಬಿಚ್ಚುವಾಗಲೂ ಅದಕ್ಕೆ ಸಮಾಧಾನ ಹೇಳುವವನಂತೆ ಹ್ಞೂಂ ಹ್ಞೂಂ ಎನ್ನುತ್ತಿದ್ದ. ಮೀಟರಪ್ಪ ಬಾಗಿಲಿಗೆ ಒರಗಿ ನಿಂತು ಅವನ ಕೈಗಳನ್ನೇ ನೋಡಿದ. ಕಳ್ಳಗೈಗಳಲ್ಲ, ಅದೇ ಇನ್ನಷ್ಟು ಅನುಮಾನ ತಂದಿತು. ಬ್ಯಾಟರಿ ಹೊಸದು, ಸರಿ. ನೀರಿನ ಒತ್ತಡ ಸರಿ. ಒಳಬರುವ ನೀರಿನ ಜಾಲರಿಯಲ್ಲಿ ಸ್ವಲ್ಪ ಮರಳು, ತೊಳೆದ. ಉರಿಯನ್ನು ಕಾಯುವ ಕಡ್ಡಿಯನ್ನು ಮರಳುಕಾಗದದಿಂದ ಉಜ್ಜಿದ. ಹೊರಗೆ ಹೋಗಿ ಹೊಗೆಯ ಕೊಳವೆಯೊಳಗೆ ಟಾರ್ಚು ಬಿಟ್ಟು, ಯಾವ ಹಕ್ಕಿಯೂ ಸಂಸಾರ ಹೂಡಿಲ್ಲವೆಂದು ವರದಿ ಮಾಡಿದ. ಆಮೇಲೆ ಗೀಸರ್ ಹಚ್ಚಿ ಇಬ್ಬರೂ ನೋಡುತ್ತ ನಿಂತರು. ಹತ್ತು ನಿಮಿಷ. ಹದಿನೈದು ನಿಮಿಷ. ನೀಲಿ ಉರಿ ತುಸುವೂ ಅಲುಗಲಿಲ್ಲ. ಮೀಟರಪ್ಪನ ಎದೆ ಉಬ್ಬಿತು.

“ನಾನು ಹೇಳ್ಲಿಲ್ವಾ? ಗೀಸರಲ್ಲಿ ಏನೂ ಇಲ್ಲ.”

“ಇದರಲ್ಲಿ ಏನೂ ಇಲ್ಲ ಯಜಮಾನ್ರೇ. ಆದ್ರೆ ಆರುತ್ತೆ ಅಂತೀರಲ್ಲ, ಅದಕ್ಕೊಂದು ಕಾರಣ ಇರಬೇಕಲ್ಲ.” ಅವನು ಮೇಲ್ಭಾಗದಲ್ಲಿ, ಹೊಗೆ ಕೊಳವೆಗೆ ಏರುವ ಕತ್ತಿನ ಹತ್ತಿರ, ನಾಣ್ಯದಷ್ಟು ಅಗಲದ ಒಂದು ಬಿಲ್ಲೆಯನ್ನು ತೋರಿಸಿದ; ಅದಕ್ಕೆ ಎರಡು ತಂತಿಗಳಿದ್ದವು. “ಇದು ನೋಡಿ. ಹೊಗೆ ಹೊರಗೆ ಹೋಗ್ದೆ ವಾಪಸ್ ಒಳಗೆ ಬಂದ್ರೆ ಇದು ಬಿಸಿ ಆಗಿ ಗ್ಯಾಸ್ ಕಟ್ ಮಾಡುತ್ತೆ. ಏಳೆಂಟು ನಿಮಿಷಕ್ಕೆ ಆರೋದು ಅಂದ್ರೆ ನನಗೆ ಇದರ ಮೇಲೇ ಡೌಟು. ಆರೋದು ಇದರ ರೋಗ ಅಲ್ಲ, ಇದರ ಬುದ್ಧಿ. ರೂಮಲ್ಲಿ ಗಾಳಿ ಸಾಲ್ದೆ ಇದ್ರೆ—”

“ಗಾಳಿ ಮಾತು ಬಿಡಿ” ಎಂದು ಮೀಟರಪ್ಪ ಗವಾಕ್ಷಿಯ ಕಡೆ ಕೈಚಾಚಿದ. “ಆ ಪಟ್ಟಿಗಳು ಮುಚ್ಚೋದೇ ಇಲ್ಲ. ನಾನೇ ಸ್ಕ್ರೂ ಬಿಗಿದಿದ್ದೀನಿ. ಬೇಕಾದ್ರೆ ಕೈಯಿಟ್ಟು ನೋಡಿ.”

ರಿಪೇರಿಯವನು ನೋಡಿದ. ಪಟ್ಟಿಗಳ ನಡುವಿಂದ ಓಣಿಯ ಬೆಳಕು ಧಾರಾಳವಾಗಿ ಬೀಳುತ್ತಿತ್ತು. ಅವನು ಮೂಗು ಒರೆಸಿಕೊಂಡ. “ಹಾಗಾದ್ರೆ ನನಗೂ ಗೊತ್ತಾಗ್ತಿಲ್ಲ. ಯಾರು ಸ್ನಾನಕ್ಕೆ ಹೋದಾಗ ಆರುತ್ತೆ?”

“ಸೊಸೆ.”

“ಅವರನ್ನೇ ಒಂದು ಮಾತು ಕೇಳಿ. ಆ ಟೈಮಲ್ಲಿ ರೂಮ್ ಹೇಗಿರುತ್ತೆ, ಏನಾದ್ರೂ ಬೇರೆ ಥರ ಮಾಡ್ತಾರಾ ಅಂತ.”

“ಏನಂತ ಕೇಳಲಿ?” ಎಂದು ಮೀಟರಪ್ಪ ತಟ್ಟನೆ ಸಿಡುಕಿದ, ರಿಪೇರಿಯವನು ಕಣ್ಣು ಪಿಳುಕಿಸಿದ. ನಿಜ, ಕೇಳುವುದೇನು? ವರ್ಷದಿಂದ ಒಂದೇ ಸೂರಿನಡಿ ಇದ್ದರೂ ಮಾವ ಸೊಸೆಯ ನಡುವೆ ಆಡಿದ ಮಾತುಗಳನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆಯಬಹುದಿತ್ತು. ಮಾವ, ಊಟಕ್ಕೆ ಬನ್ನಿ. ಬಂದೆನಮ್ಮ. ಮಾವ, ಕೊಡೆ ತಗೊಂಡು ಹೋಗಿ. ಆಗಲಮ್ಮ. ಉಳಿದದ್ದೆಲ್ಲ ಹೆಂಡತಿಯ ಮೂಲಕ, ಎರಡು ದಡಗಳ ನಡುವಿನ ದೋಣಿಯಂತೆ, ಬೇಕಾದದ್ದನ್ನು ಹತ್ತಿಸಿಕೊಂಡು ಬೇಡವಾದದ್ದನ್ನು ನೀರಿಗೆ ಬಿಟ್ಟು ಸಾಗುತ್ತಿತ್ತು. ಸ್ನಾನದ ಸಂಗತಿಯನ್ನು ಸೊಸೆಯ ಎದುರು ಎತ್ತುವುದೆಂದರೆ! ಅದು ಮರ್ಯಾದೆಯೆಂದು ಅವನು ತಿಳಿದಿದ್ದ. ದಿನಾ ಬೆಳಗ್ಗೆ ಗಡಿಯಾರ ಹಿಡಿದು ಅವಳ ಸ್ನಾನದ ಸದ್ದಿಗೆ ಕಿವಿಗೊಟ್ಟು ಕೂರುವುದು ಮಾತ್ರ ಅವನ ಮಟ್ಟಿಗೆ ಬಾಯ್ಲರ್ ಮನೆಯ ಕೆಲಸ. ಅದಕ್ಕೂ ಮರ್ಯಾದೆಗೂ ಸಂಬಂಧವಿದೆಯೆಂದು ಅವನಿಗೆ ಹೊಳೆದಿರಲಿಲ್ಲ. “ಮತ್ತೆ ಆರಿದ್ರೆ ಏನೂ ಮುಟ್ಟಬೇಡಿ. ಆಗ್ಲೇ ಫೋನ್ ಮಾಡಿ, ಓಡಿ ಬರ್ತೀನಿ. ಆ ಬಿಲ್ಲೆ ತಂಟೆಗಂತೂ ಹೋಗ್ಲೇಬೇಡಿ” ಎಂದು ರಿಪೇರಿಯವನು ಚೀಲ ಹೆಗಲಿಗೇರಿಸಿದ. ನನಗೆ ಹೇಳುತ್ತಾನೆ, ಎಂದುಕೊಂಡ ಮೀಟರಪ್ಪ. ಮೊಸಳೆಗೆ ಈಜು ಕಲಿಸಿದ ಹಾಗೆ.

ಶುಕ್ರವಾರ ಬೆಳಗ್ಗೆಯೂ ಸೊಸೆ ಒಳಗಿದ್ದಾಗ ಎಂಟನೆಯ ನಿಮಿಷಕ್ಕೇ ಉರಿ ಆರಿತು, ಅವನು ರಿಪೇರಿಯವನಿಗೆ ಫೋನು ಮಾಡಲಿಲ್ಲ. ಅಂದು ರಾತ್ರಿಯ ಊಟದಲ್ಲಿ ಯಾರೂ ಗೀಸರಿನ ಹೆಸರೆತ್ತಲಿಲ್ಲ. ಆ ಮೌನದಲ್ಲಿ ಎಲ್ಲರ ತಟ್ಟೆಗಳ ಸದ್ದೂ ಅವನಿಗೆ ಸಂಕೇತದಂತೆ ಕೇಳಿತು. ಸೊಸೆ ಅತ್ತೆಯ ಕಡೆ ನೋಡಿದಳು, ಅತ್ತೆ ಮಗನ ಕಡೆ ನೋಡಿದಳು, ಮಗ ಉಪ್ಪಿನ ಬಟ್ಟಲನ್ನು ನೋಡಿದ. ಅವನು ಕೈತೊಳೆಯಲು ಎದ್ದಾಗ ಹಿಂದಿನಿಂದ ಸೊಸೆಯ ತಗ್ಗಿದ ದನಿ: “ನೀವಾದ್ರೂ ಹೇಳಿ ಅತ್ತೆ. ನನಗೆ ದಿನಾ ಅದೊಂದು ಹಿಂಸೆ.” ಹೆಂಡತಿ: “ಭಾನುವಾರ ತಂಕ ತಡ್ಕೋ. ಆಮೇಲೆ ಗೀಸರೂ ಇಲ್ಲ, ಕುರ್ಚೀನೂ ಇಲ್ಲ.” ಕುರ್ಚೀನೂ ಇಲ್ಲ. ಅಂದರೆ ಗುರಿ ಗೀಸರಿನ ಮೇಲಲ್ಲ, ತನ್ನ ಮೇಲೆಯೇ. ತನ್ನನ್ನು ಆ ಓಣಿಯಿಂದ, ಮನೆಯಲ್ಲಿ ತಾನಿನ್ನೂ ಏನನ್ನಾದರೂ ಬಲ್ಲವನಾಗಿ ಕೂರುವ ಆ ಒಂದೇ ಒಂದು ಜಾಗದಿಂದ, ಎಬ್ಬಿಸಬೇಕೆಂದೇ ಇವರೆಲ್ಲ ಹೊಂಚಿದ್ದಾರೆ. ನೀರು ತಣ್ಣಗಿತ್ತು. ಬೆರಳುಗಳ ನಡುವೆ ಹರಿಯುವ ನೀರನ್ನು ನೋಡುತ್ತ ನಿಂತವನಿಗೆ ಇದ್ದಕ್ಕಿದ್ದಂತೆ, ಗಿರಣಿಯಲ್ಲಿ ಸೋಡಾಗ್ಲಾಸು ಎಂದು ಎಲ್ಲರೂ ಕರೆಯುತ್ತಿದ್ದವನ ನೆನಪಾಯಿತು. ದಪ್ಪ ಕನ್ನಡಕದ, ಯಾವಾಗಲೂ ಅರ್ಧ ನಿದ್ದೆಯಲ್ಲಿರುವಂತೆ ಕಾಣುತ್ತಿದ್ದ ಆ ಆಪರೇಟರನ ಪಾಳಿಯಲ್ಲಿ ಮಾತ್ರ ನೀರಿನ ಪಂಪು ನಿಲ್ಲುತ್ತಿತ್ತು. ನಿದ್ದೆ ಮಾಡಲು ಇವನೇ ನಿಲ್ಲಿಸುತ್ತಾನೆಂದು ಮೀಟರಪ್ಪ ಹದಿನಾಲ್ಕು ದಿನಗಳ ಸಮಯ ಬರೆದು, ಗೆರೆ ಎಳೆದು, ಸಾಹೇಬರ ಮುಂದಿಟ್ಟಿದ್ದ. ಸೋಡಾಗ್ಲಾಸನ್ನು ಮರದ ದಿಮ್ಮಿ ಹೊರುವ ಅಂಗಳಕ್ಕೆ ಹಾಕಿದರು. ಮೂರು ವಾರಗಳ ಮೇಲೆ ತಿಳಿದದ್ದು: ಪಕ್ಕದ ವಿಭಾಗದವರು ಆ ಹೊತ್ತಿಗೇ ತೊಟ್ಟಿ ತೊಳೆಯಲು ನೀರೆಲ್ಲ ಎಳೆದುಕೊಳ್ಳುತ್ತಿದ್ದರು. ಮೀಟರಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಅವರು ತೊಟ್ಟಿ ತೊಳೆಯುವ ಸಮಯ ಬದಲಿಸಿದ, ಪಂಪು ಸರಿಹೋಯಿತು, ಅದನ್ನು ಕಂಡವರು ನೋಡಿದಿರಾ, ಅವನು ಹೋದ ಮೇಲೆ ಸರಿಹೋಯಿತು ಎಂದರು. ಅಂಗಳದಲ್ಲಿ ಎದುರಾದಾಗಲೆಲ್ಲ ಸೋಡಾಗ್ಲಾಸು ಹೆಗಲ ಮೇಲಿನ ಭಾರವನ್ನು ಇಳಿಸದೆಯೇ “ನಮಸ್ಕಾರ ಸಾರ್” ಎನ್ನುತ್ತಿದ್ದ. ಆ ನಮಸ್ಕಾರದಲ್ಲಿ ಏನಾದರೂ ಇತ್ತೇ, ಏನೂ ಇರಲಿಲ್ಲವೇ ಎಂದು ಅವನು ಎಷ್ಟೋ ವರ್ಷ ಯೋಚಿಸಿದ್ದ. ನಲ್ಲಿ ನಿಲ್ಲಿಸಿದ. ಅದು ಬೇರೆ, ಇದು ಬೇರೆ, ಎಂದುಕೊಂಡ. ಈ ಸಲ ತನ್ನ ಕಿವಿಯಾರೆ ಕೇಳಿದ್ದಾನೆ.

ಶನಿವಾರ ಬೆಳಗ್ಗೆ ಆರಕ್ಕೇ ಎದ್ದು ಬಚ್ಚಲುಮನೆಯ ಸ್ಟೂಲಿನ ಮೇಲೆ ನಿಂತು ಗೀಸರಿನ ಮುಚ್ಚಳ ತೆಗೆದ. ಬೆರಳುಗಳು ಹಾದಿ ಮರೆತಿರಲಿಲ್ಲ. ಲೆಕ್ಕ ಸರಳ: ಅವಳು ಗುಂಡಿ ತಿರುಗಿಸಿ ಆರಿಸುತ್ತಿದ್ದರೆ, ಬಾಯಿಬೀಗ ಹಾಕಿದ ಮೇಲೂ ಗೀಸರ್ ಎಂಟನೆಯ ನಿಮಿಷಕ್ಕೆ ಆರುತ್ತದೆ, ಆಗ ಕಳ್ಳತನ ಬಯಲು. ಆರದೇ ಹೋದರೆ, ಸುಮ್ಮನೆ ಬೊಗಳುವ ಆ ಬಿಲ್ಲೆಯದ್ದೇ ತಪ್ಪು. ಹೊಸ ಬಿಲ್ಲೆ ಹಾಕಿಸಿದರೆ ಗೀಸರ್ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಗೆಲುವು ಅವನದೇ. ಬಿಲ್ಲೆ ನಿಜವನ್ನೇ ಹೇಳುತ್ತಿರಬಹುದು ಎಂಬ ಮೂರನೆಯ ದಾರಿಯ ಮೇಲೆ ಅವನು ವರ್ಷದ ಹಿಂದೆಯೇ ಸ್ಕ್ರೂ ಬಿಗಿದಿದ್ದ. ತಂತಿಗಳ ತುದಿ ಎಳೆದು, ಒಂದಕ್ಕೊಂದು ಹೊಸೆದು, ಮುಚ್ಚಳ ಕೂರಿಸಿ ಇಳಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಏನ್ ಮಾಡ್ತಿದ್ದೀರಿ ಇಷ್ಟು ಹೊತ್ತಿಗೆ?”

“ಧೂಳು ಒರೆಸ್ದೆ.”

ಅವಳು ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿದಳು. “ಒಳ್ಳೆ ಬಟ್ಟೆ ಹುಡುಕಿದ್ದೀರಿ ಒರೆಸೋಕೆ” ಎಂದು ಹೋದಳು.

ಏಳು ಗಂಟೆ ಇಪ್ಪತ್ತಕ್ಕೆ ಸೊಸೆ ಒಳಗೆ ಹೋಗಿ ಚಿಲಕ ಹಾಕಿದಳು. ಅವನು ಗೋಡೆಗೆ ಸರಿಸಿದ ಕುರ್ಚಿಯಲ್ಲಿ ಕುಳಿತು ಗಡಿಯಾರ ಹಿಡಿದ. ಮೇಲೆ ಏನೋ ಕರಕರ ಎಂದಿತು, ಬಕೆಟ್ಟು ಎಳೆದಿರಬೇಕು. ಉರಿ ಹೊತ್ತಿತು. ಎರಡು ನಿಮಿಷ, ನಾಲ್ಕು ನಿಮಿಷ. ಚೊಂಬಿನ ನೀರು ಮೈಮೇಲೆ ಬಿದ್ದು ನೆಲಕ್ಕೆ ಚೆಲ್ಲುವ ಸದ್ದು ಏರಿ ಇಳಿಯಿತು. ಏಳನೆಯ ನಿಮಿಷದಲ್ಲಿ ಅವನು ಉಸಿರು ಹಿಡಿದ. ಏಳೂ ನಲವತ್ತು. ಏಳೂ ಐವತ್ತು. ಎಂಟು. ಎಂಟೂ ಇಪ್ಪತ್ತು. ಭೋರು ನಿಲ್ಲಲಿಲ್ಲ. ಒಂಬತ್ತು! ಹನ್ನೆರಡು ದಿನಗಳ ಅವಮಾನ ಮೈಯಿಂದ ಬೆವರಿನ ಹಾಗೆ ಇಳಿದುಹೋಯಿತು. ಅವಳು ಗುಂಡಿ ಮುಟ್ಟಿರಲಿಲ್ಲ, ಗೀಸರೂ ಕೆಟ್ಟಿರಲಿಲ್ಲ. ಒಂದು ಬಡಪಾಯಿ ಬಿಲ್ಲೆ. ಅವಳ ಬಗ್ಗೆ ಅವನಿಗೆ ತುಸು ಔದಾರ್ಯವೂ ಹುಟ್ಟಿತು. ಮಗನಿಗೆ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟಿದ. ಡಬ್ಬ ಎಂಬ ಶಬ್ದವನ್ನು ಎಲ್ಲಿ ಇಟ್ಟರೆ ಹೆಚ್ಚು ಚುಚ್ಚುತ್ತದೆಂದು ಎರಡು ಮೂರು ಕಡೆ ಇಟ್ಟು ನೋಡಿದ. ಆ ವಾಕ್ಯ ಮುಗಿಯುವ ಹೊತ್ತಿಗೆ ಹನ್ನೊಂದನೆಯ ನಿಮಿಷವಾಗಿತ್ತು, ಮತ್ತು ಏನೋ ಬದಲಾಗಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನೀರು ಬೀಳುತ್ತಿತ್ತು, ಆದರೆ ಒಂದೇ ಸಮನೆ. ತುಂಬಿದ ಬಕೆಟ್ಟಿನಿಂದ ಉಕ್ಕಿ ನೆಲಕ್ಕೆ ಹರಿಯುವ ನೀರಿನ ಸದ್ದು. ಚೊಂಬಿನ ಸದ್ದಿರಲಿಲ್ಲ. ಸಣ್ಣಗೆ ಏನೋ ಬಿದ್ದಂತೆ ಆಗಲೇ ಕೇಳಿತ್ತಲ್ಲವೇ? ವಾಕ್ಯ ಕಟ್ಟುವುದರಲ್ಲಿ ಅದು ಕಿವಿಗೆ ಬಿದ್ದೂ ಬೀಳದಂತಾಗಿತ್ತು.

ಗೊತ್ತಾಗಿಬಿಟ್ಟಿದೆ ಅವಳಿಗೆ, ಎಂದುಕೊಂಡ. ಇಂದು ಆರಲಿಲ್ಲವೆಂದು ಅವಳಿಗೂ ಆಶ್ಚರ್ಯ. ಆದ್ದರಿಂದ ನೀರು ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಾಳೆ, ನಾನೇನು ಮಾಡುತ್ತೇನೆಂದು ಕೇಳುತ್ತಿದ್ದಾಳೆ. ನಾನಿಲ್ಲಿ ಅವಳಿಗೆ ಕಿವಿಗೊಟ್ಟಿದ್ದರೆ ಅವಳಲ್ಲಿ ನನಗೆ ಕಿವಿಗೊಟ್ಟಿದ್ದಾಳೆ. ಆಗಲಿ, ಯಾರು ಮೊದಲು ಅಲುಗುತ್ತಾರೆ ನೋಡೋಣ. ಅವನು ಅಲುಗದೆ ಕುಳಿತ. ಹನ್ನೆರಡು. ಹದಿಮೂರು. ಆಗ ಅವನ ಕಣ್ಣು, ತಾನಾಗಿಯೇ, ಮೇಲಕ್ಕೆ ಹೋಯಿತು. ಸ್ನಾನದ ಹೊತ್ತಿನಲ್ಲಿ ಅವನು ನೋಡುತ್ತಿದ್ದುದು ಗಡಿಯಾರವನ್ನು, ಗವಾಕ್ಷಿಯನ್ನು ನೋಡಿದವನಲ್ಲ. ಈಗ ನೋಡಿದ. ಬಿಸಿನೀರು ಹರಿಯುತ್ತಿರುವ ಕೋಣೆಯ ಗವಾಕ್ಷಿಯಿಂದ ಒಂದೆಳೆಯಷ್ಟೂ ಹಬೆ ಹೊರಗೆ ಬರುತ್ತಿರಲಿಲ್ಲ. ಗಾಜಿನ ಪಟ್ಟಿಗಳ ಹಿಂದೆ ಬೆಳಕಿರಲಿಲ್ಲ. ಕಂದುಬಣ್ಣದ ಏನೋ ಒಂದು ಇತ್ತು. ಕುರ್ಚಿಯ ಮೇಲೆ ಹತ್ತಿ ನಿಂತ. ರಟ್ಟು. ಶೂ ತಂದ ಪೆಟ್ಟಿಗೆಯ ಮುಚ್ಚಳಗಳೆರಡನ್ನು ಜೋಡಿಸಿ, ಅಂಚಿಗೆಲ್ಲ ಅಂಟುಪಟ್ಟಿ ಹಾಕಿ, ಗವಾಕ್ಷಿಯ ಅಳತೆಗೆ ಸರಿಯಾಗಿ ಕತ್ತರಿಸಿ ಒಳಗಿನಿಂದ ಸಿಕ್ಕಿಸಿದ್ದ ರಟ್ಟು. ಒಂದು ಮೂಲೆಯಲ್ಲಿ, ದಿನವೂ ಹಾಕಿ ದಿನವೂ ತೆಗೆಯಲೆಂದು ದಾರದ ಕುಣಿಕೆ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಮೆಚ್ಚುವ ಮೊದಲೇ ಅದು ಯಾರಿಂದ ಮರೆಯಾಗಲು ಮಾಡಿದ್ದೆಂದು ತಿಳಿಯಿತು. ಹನ್ನೆರಡು ದಿನ. ಅದಕ್ಕೂ ಮೊದಲು ಅವನು ಇಲ್ಲಿ ಕೂರುತ್ತಿದ್ದನೇ? ಕೂರುತ್ತಿದ್ದ. ಒಮ್ಮೆ ಬ್ಯಾಟರಿ ಸೋತು ಗೀಸರ್ ಹೊತ್ತದಿದ್ದ ಮರುದಿನದಿಂದ, ಸುಮ್ಮನೆ, ಪರೀಕ್ಷೆಗೆಂದು. ಅವನು ಕುಳಿತ, ಆದ್ದರಿಂದ ಅವಳು ಮುಚ್ಚಿದಳು; ಅವಳು ಮುಚ್ಚಿದಳು, ಆದ್ದರಿಂದ ಉರಿ ಆರಿತು; ಉರಿ ಆರಿತು, ಆದ್ದರಿಂದ ಅವನು ಇನ್ನೂ ಹತ್ತಿರ ಸರಿದು ಕುಳಿತ.

“ಅಮ್ಮಾ” ಎಂದು ಕರೆದ. ಅವಳನ್ನು ಕರೆಯಲು ಅವನಿಗೆ ಬೇರೆ ಹೆಸರು ರೂಢಿಯಿರಲಿಲ್ಲ. ಉತ್ತರವಿಲ್ಲ. ಪಟ್ಟಿಗಳ ಸಂದಿಗೆ ಕೈ ಹಾಕಲು ಹೋಗಿ ತಡೆದ. ಒಳಗೆ ಅವಳು ಆರೋಗ್ಯವಾಗಿ ನಿಂತಿದ್ದು, ರಟ್ಟು ಬಿದ್ದು, ಅಲ್ಲಿ ತನ್ನ ಮುಖ ಕಂಡರೆ? ಅವಳು ಇಷ್ಟು ದಿನ ಹೆದರಿದ್ದೆಲ್ಲ ಆ ಒಂದು ಗಳಿಗೆಯಲ್ಲಿ ನಿಜವಾಗುತ್ತದೆ. ಈ ಯೋಚನೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಮುಂದೆ ಅವನು ಎಷ್ಟು ಲೆಕ್ಕ ಹಾಕಿದರೂ ತಿಳಿಯಲಿಲ್ಲ. ಅವನ ಬದುಕಿನಲ್ಲಿ ಅವನು ಅಳೆಯದೆ ಬಿಟ್ಟ ಸಮಯ ಅದೊಂದೇ. ಆಮೇಲೆ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ, ಮುಷ್ಟಿಯನ್ನು ಸಂದಿಯೊಳಗೆ ತೂರಿ ರಟ್ಟನ್ನು ಬಲವಾಗಿ ಗುದ್ದಿದ. ಅದು ಒಳಗೆ ಬಿದ್ದ ಸದ್ದಾಯಿತು. ಮುಖಕ್ಕೆ ಬಿಸಿಯಾದ, ಸೀದ ವಾಸನೆಯ ಗಾಳಿ ಹೊಡೆಯಿತು. ಯಾರೂ ಕಿರುಚಲಿಲ್ಲ. ಯಾರೂ ಕಿರುಚಲಿಲ್ಲವೆಂಬುದು ಅವನು ಜನ್ಮದಲ್ಲಿ ಕೇಳಿದ ಅತಿ ಭಯಂಕರವಾದ ಸದ್ದು. ಕಣ್ಣು ತೆರೆಯದೆಯೇ ಕುರ್ಚಿಯಿಂದ ಬಿದ್ದು, ತಡಕಾಡಿ ಸಿಲಿಂಡರಿನ ಗುಂಡಿ ತಿರುಗಿಸಿ, ಮಂಡಿ ಕೆತ್ತಿಹೋದ ಕಾಲಲ್ಲಿ ಓಡುತ್ತ ಹೆಂಡತಿಯನ್ನು ಕೂಗಿದ.

ಮಗ ಚಿಲಕ ಮುರಿದ. ಒಳಗೆ ಹೋದವಳು ಹೆಂಡತಿ. ಬೆಡ್‌ಶೀಟು ಸುತ್ತಿ ಸೊಸೆಯನ್ನು ಎತ್ತಿ ತಂದಾಗ ಮೀಟರಪ್ಪ ವರಾಂಡದ ಗೋಡೆಗೆ ಮುಖ ಮಾಡಿ ನಿಂತಿದ್ದ. ಬೀದಿಯ ಕೊನೆಯ ನರ್ಸಿಂಗ್ ಹೋಮಿನಲ್ಲಿ ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದರು. ಅವಳು ಎರಡು ಸಲ ವಾಂತಿ ಮಾಡಿಕೊಂಡಳು, ಕಣ್ಣು ಬಿಟ್ಟಳು, ಗಂಡನ ಹೆಸರನ್ನು ಸರಿಯಾಗಿ ಹೇಳಿದಳು. ವೈದ್ಯೆ ಕಾಗದದ ಮೇಲೆ ಪೆನ್ನು ಹಿಡಿದು ಕೇಳಿದರು: “ಒಳಗೆ ಎಷ್ಟು ಹೊತ್ತು ಇದ್ರು? ಅಂದಾಜು ಹೇಳಿ ಸಾಕು.”

“ಗೊತ್ತಿಲ್ಲ ಡಾಕ್ಟ್ರೇ, ನಾನು ಬಟ್ಟೆ ಇಸ್ತ್ರಿ ಮಾಡ್ತಿದ್ದೆ” ಎಂದ ಮಗ. “ನಾನು ಒಲೆ ಮುಂದೆ ಇದ್ದೆ” ಎಂದಳು ಹೆಂಡತಿ.

“ಹದಿನಾಲ್ಕು ನಿಮಿಷ” ಎಂದ ಮೀಟರಪ್ಪ. “ನಾನು ತಡ್ಕೊಂಡಿದ್ದೂ ಸೇರಿದ್ರೆ ಹದಿನೈದು ಇರಬಹುದು.”

ಎಲ್ಲರೂ ಅವನ ಕಡೆ ತಿರುಗಿದರು. ವೈದ್ಯೆ ಬರೆದುಕೊಂಡು ಹೊರಗೆ ಹೋದರು. ಮಗ ಫೋನು ತೆಗೆದು ಕಿವಿಗಿಟ್ಟ. ಎಂದೂ ಏರದ ಅವನ ದನಿ ಏರಿತು: “ರೀ, ನೀವು ಮೊನ್ನೆ ನಮ್ಮನೆ ಗೀಸರಲ್ಲಿ ಏನ್ರೀ ಮಾಡಿ ಹೋದ್ರಿ? ಹೆಂಗಸು ಸತ್ತೇ ಹೋಗ್ತಿದ್ಲು! ಅದು ಆರಬೇಕಿತ್ತು, ಆರಲೇ ಇಲ್ಲ! ಪೊಲೀಸ್ ಸ್ಟೇಷನ್ನಲ್ಲಿ ಹೇಳ್ತೀರಂತೆ ಬನ್ನಿ—” ಆ ಕಡೆಯಿಂದ ನೆಗಡಿ ಕಟ್ಟಿದ ದನಿ ಗಾಬರಿಯಲ್ಲಿ ಏನೇನೋ ಹೇಳುತ್ತಿತ್ತು. ಹೆಂಡತಿ ಮಂಚದ ತುದಿಯಲ್ಲಿ ಕುಳಿತು ಮೀಟರಪ್ಪನನ್ನು ನೋಡುತ್ತಿದ್ದಳು. ಬೆಳಗ್ಗೆ ಕಂಡ ಸ್ಕ್ರೂಡ್ರೈವರಿನ ಸಂಗತಿಯನ್ನು ಅವಳು ಹೇಳುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಅವನು ಸುಮ್ಮನಿದ್ದರೆ ಅವಳೂ ಸುಮ್ಮನಿರುತ್ತಾಳೆ, ಸಾಯುವವರೆಗೆ, ಅದೇ ನೋಟವನ್ನಿಟ್ಟುಕೊಂಡು.

“ಫೋನ್ ಇಡಪ್ಪ” ಎಂದ ಮೀಟರಪ್ಪ. “ಅವನದೇನೂ ಇಲ್ಲ. ಮುಟ್ಟಬೇಡಿ ಅಂತ ಹೇಳೇ ಹೋಗಿದ್ದ. ಸೆನ್ಸರ್ ತಂತಿ ಕಿತ್ತು ಜೋಡಿಸಿದ್ದು ನಾನು. ಇವತ್ತು ಬೆಳಗ್ಗೆ.”

ಮಗ ಫೋನು ಇಳಿಸಿದ. “ಯಾಕೆ?” ಎಂದ. ಅವನ ಸಿಟ್ಟು ಎಲ್ಲಿಗೋ ಹೋಗಿ, ಮುಖ ಚಿಕ್ಕ ಹುಡುಗನದಂತೆ ಬರಿದಾಗಿತ್ತು.

“ಅವಳೇ ಆರಿಸ್ತಾಳೆ ಅಂದ್ಕೊಂಡಿದ್ದೆ.”

ಕೋಣೆಯಲ್ಲಿ ಆಮ್ಲಜನಕ ನೀರಿನ ಶೀಶೆಯ ಮೂಲಕ ಗುಳುಗುಳು ಎನ್ನುತ್ತಿತ್ತು. ಮಂಚದ ಮೇಲಿನಿಂದ ಕೈಯೊಂದು ಎದ್ದು ಮುಖವಾಡವನ್ನು ಗಲ್ಲಕ್ಕೆ ಸರಿಸಿತು. “ಮಾವ” ಎಂದಳು ಸೊಸೆ. ದನಿ ಒಡೆದಿತ್ತು. ಹೆಂಡತಿ “ಮಾತಾಡ್ಬೇಡ, ಮಲಕ್ಕೋ” ಎಂದದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಮೀಟರಪ್ಪ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಬೈಯುತ್ತಾಳೆ, ಬೈಯಲಿ, ಅದಕ್ಕಾಗಿ ಅವನು ತಲೆ ತಗ್ಗಿಸಿಯೇ ಇದ್ದ.

“ಹೇಳಮ್ಮ.”

“ಆ ರಟ್ಟು ತಳ್ಳಿದ್ದು ನೀವಾ?”

“ಹೌದಮ್ಮ.”

ಅವಳು ಉಸಿರು ತೆಗೆದುಕೊಂಡಳು. “ಒಳಗೆ ನೋಡಿದ್ರಾ?”

ಮಗ ನೆಲ ನೋಡಿದ. ಹೆಂಡತಿಯ ಕೈ ಸೊಸೆಯ ಪಾದದ ಮೇಲೆ ನಿಂತುಹೋಯಿತು. “ಇಲ್ಲಮ್ಮ” ಎಂದ ಮೀಟರಪ್ಪ. “ಕಣ್ಣು ಮುಚ್ಕೊಂಡಿದ್ದೆ.” ಅದು ಆ ವಾರವೆಲ್ಲ ಅವನು ಯೋಚಿಸಿದ್ದರಲ್ಲಿ, ಬರೆದದ್ದರಲ್ಲಿ, ಆಡಿದ್ದರಲ್ಲಿ ಎಲ್ಲಕ್ಕಿಂತ ಶುದ್ಧವಾದ ನಿಜ. ಆದರೆ ಬಾಯಿಂದ ಹೊರಬಿದ್ದ ಕೂಡಲೇ ಅದು ಹೇಗೆ ಕೇಳಿತೆಂದು ಅವನಿಗೇ ಕೇಳಿಸಿತು. ನೋಡಿದವನೂ ಇದನ್ನೇ ಹೇಳುತ್ತಾನೆ. ಸಾಕ್ಷಿಯಿಲ್ಲ, ಅಂಕಿಯಿಲ್ಲ, ಅಳತೆಯಿಲ್ಲ. ಇನ್ನೊಬ್ಬನು ಬಂದು ಈ ಮಾತನ್ನು ತನ್ನ ಮುಂದೆ ಹೇಳಿದ್ದರೆ, ತಾನು ಒಂದು ಕ್ಷಣವೂ ನಂಬುತ್ತಿರಲಿಲ್ಲ. ಅವಳು ಅವನ ಮುಖವನ್ನು ನೋಡಿದಳು. ಬಹಳ ಹೊತ್ತು, ಆಯಾಸದಿಂದ, ದ್ವೇಷವಿಲ್ಲದೆ. ನೋಡುವಷ್ಟು ಹೊತ್ತೂ ಅವನು ರೆಪ್ಪೆ ಮಿಟುಕಿಸಲಿಲ್ಲ. ಮಿಟುಕಿಸಿದರೆ ಅದೇ ಉತ್ತರವಾಗಿಬಿಡುತ್ತದೆಂದು ಹೆದರಿದ.

“ಸರಿ ಮಾವ” ಎಂದಳು. ನಂಬಿದೆಯಾ ಎಂದು ಕೇಳುವ ಬಾಯಿ ಅವನಿಗಿರಲಿಲ್ಲ. ಒಂದು ಕೈಯಿಂದ ಮುಖವಾಡವನ್ನು ಮತ್ತೆ ಮೂಗಿಗೆ ಏರಿಸಿಕೊಂಡು ಅವಳು ಕಣ್ಣು ಮುಚ್ಚಿದಳು. ಇನ್ನೊಂದು ಕೈ, ಅವಳಿಗೆ ತಿಳಿದೋ ತಿಳಿಯದೆಯೋ, ಎದೆಯ ಮೇಲಿದ್ದ ಹೊದಿಕೆಯನ್ನು ಹುಡುಕಿ, ಕತ್ತಿನವರೆಗೂ ಎಳೆದುಕೊಂಡಿತು.